ಕಲ್ಲಿನೊಳಗೆ ಬಲವಿದೆಯೇ?
(ಮಗುವಿನ ಕಲ್ಪನೆಯಿಂದ ಭೌತಶಾಸ್ತ್ರದ ಪಾಠ)

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿಕೊಂಡಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರು ಇದ್ದಾರೆಂದು ತಿಳಿಸಿದೆ. "ಹಾಗಾದರೆ ನಿಮ್ಮ ವಿಷಯದ ಬಗ್ಗೆಯೇ ಬರೆಯಿರಿ" ಎಂದರು. ನನ್ನ ವಿಷಯ ಭೌತಶಾಸ್ತ್ರ. 1976ರಲ್ಲಿ ಈ ಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಸೇರಿ 2008ರಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದೆ. ಈ ಮೂವತ್ತೆರಡು ವರ್ಷಗಳ ಸೇವೆಯಲ್ಲಿ ಮೊದಲಿನ ಹದಿನೇಳು ವರ್ಷ ನಾನು ಕಲಿಸಿದ ರೀತಿ ತಪ್ಪಾಗಿತ್ತು. ಸಂಭ್ರಮದ ಸಂಚಿಕೆಯಲ್ಲಿ ಇಂಥ ಮಾತು ಬರೆಯಬಹುದೇ ಎಂದು ಕೆಲವು ದಿನ ಯೋಚಿಸಿದೆ. ಆದರೆ ಆ ಹದಿನೇಳು ವರ್ಷಗಳಲ್ಲಿ ನನ್ನ ಕೈಯಲ್ಲಿ ಓದಿದವರೇ ಈ ಸಂಚಿಕೆಯ ಓದುಗರು. ಅವರಿಗೆ ಈ ಮಾತನ್ನು ಹೇಳುವ ಋಣ ನನ್ನ ಮೇಲಿದೆ ಎಂದು ತೋರಿ ಬರೆಯಲು ಕುಳಿತಿದ್ದೇನೆ.

ಗಡಿಭಾಗದ ವಿಜ್ಞಾನ ಪಾಠ

ಉಮರಗಾ, ನಿಲಂಗಾ, ಉದಗೀರಗಳ ಈ ಪ್ರದೇಶದಲ್ಲಿ ಪಾಠದ ಭಾಷೆ ಹಲವು ಬಾರಿ ಬದಲಾಗಿದೆ. 1956ರ ನವೆಂಬರ್ 1ರವರೆಗೆ ಉದಗೀರ ಮತ್ತು ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಉಮರಗಾ ಆಗಿನ ಉಸ್ಮಾನಾಬಾದ, ಈಗಿನ ಧಾರಾಶಿವ ಜಿಲ್ಲೆಯಲ್ಲಿತ್ತು. ಎಲ್ಲವೂ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದವು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನು ಉರ್ದುವಿನಲ್ಲಿಯೇ ಪದವಿಯವರೆಗೆ ಕಲಿಸಲಾಗುತ್ತಿತ್ತು. ಅದಕ್ಕೆ ಬೇಕಾದ ಗ್ರಂಥಗಳ ಅನುವಾದಕ್ಕೆಂದೇ ಒಂದು ವಿಭಾಗವಿತ್ತು. ನನಗೆ ಕಲಿಸಿದ ಹಿರಿಯ ಶಿಕ್ಷಕರು ಉರ್ದು ಶಾಲೆಯಲ್ಲಿ ಓದಿ ಬಂದವರು. ಕರಿಹಲಗೆಯ ಮೇಲೆ ಕನ್ನಡ ಬರೆದು, ಲೆಕ್ಕವನ್ನು ಮಾತ್ರ ಬಾಯಲ್ಲಿ ಉರ್ದುವಿನಲ್ಲಿ ಎಣಿಸುತ್ತಿದ್ದರು. ದೇಶಭಾಷೆಯಲ್ಲಿ ಉನ್ನತ ವಿಜ್ಞಾನ ಸಾಧ್ಯವೆಂಬುದಕ್ಕೆ ನಮ್ಮ ಪ್ರದೇಶವೇ ಸಾಕ್ಷಿಯಾಗಿತ್ತು. ಆದರೆ ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಹುಡುಗನಿಗೆ ಆ ಭಾಷೆಯೂ ಪರಭಾಷೆಯೇ ಆಗಿತ್ತು.

ನಾನು ಅಂದಿನ ಮೈಸೂರು ರಾಜ್ಯದ ಬೀದರ ಜಿಲ್ಲೆಯಲ್ಲಿ ಸೋದರಮಾವನವರ ಮನೆಯಲ್ಲಿದ್ದು, 1967ರಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿದೆ. ಕಾಲೇಜಿಗೆ ಹೋದಾಗ ಭೌತಶಾಸ್ತ್ರ ಇಂಗ್ಲಿಷಿಗೆ ತಿರುಗಿತು. ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ಬರೆಯುವ ವಿದ್ಯೆಯನ್ನು ಅಲ್ಲಿಯೇ ಕಲಿತೆ. ಉತ್ತೀರ್ಣನಾದೆ. ಶಿಕ್ಷಕನಾಗಿ ಬಂದ ಮೇಲೆ ಆ ವಿದ್ಯೆಯನ್ನೇ ಮಕ್ಕಳಿಗೂ ದಾಟಿಸಿದೆ.

ಕಂಠಪಾಠದ ವರ್ಷಗಳು

ಆಗಿನ ನನ್ನ ಪಾಠದ ಕ್ರಮವನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಮೊದಲು ವ್ಯಾಖ್ಯೆಯನ್ನು ಬರೆಸುವುದು, ಅನಂತರ ಸೂತ್ರ, ಅನಂತರ ಮೂರು ಲೆಕ್ಕಗಳು, ಕೊನೆಗೆ ಮನೆಗೆಲಸ. "ಜಡತ್ವ ಎಂದರೇನು?" ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತಿತ್ತು: "ವಸ್ತುವು ತನ್ನ ನಿಶ್ಚಲ ಸ್ಥಿತಿಯನ್ನಾಗಲಿ ಏಕರೂಪ ಚಲನೆಯನ್ನಾಗಲಿ ತಾನಾಗಿಯೇ ಬದಲಿಸಿಕೊಳ್ಳಲಾರದ ಗುಣಕ್ಕೆ ಜಡತ್ವ ಎನ್ನುತ್ತಾರೆ." ಪಡಸಾಲೆಯಲ್ಲಿ ಹಾದು ಹೋಗುವ ಪಾಲಕರಿಗೆ ಆ ದನಿ ಕೇಳಿ ಸಂತೋಷವಾಗುತ್ತಿತ್ತು. ನನಗೂ ಆಗುತ್ತಿತ್ತು. ಬೋರ್ಡ್ ಪರೀಕ್ಷೆಯ ಫಲಿತಾಂಶವೂ ಚೆನ್ನಾಗಿಯೇ ಬರುತ್ತಿತ್ತು.

1993ರ ಸೆಪ್ಟೆಂಬರ್ 30

ಗಣಪತಿ ವಿಸರ್ಜನೆಯ ರಾತ್ರಿ ಕಳೆದು, ಬೆಳಗಿನ ಜಾವ ಮೂರು ಗಂಟೆ ಐವತ್ತಾರು ನಿಮಿಷಕ್ಕೆ ಭೂಮಿ ನಡುಗಿತು. ಕಿಲ್ಲಾರಿ, ಅಂದಿನ ಉಮರಗಾ ತಾಲೂಕಿನ ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದವು. ಕಂಪನದ ಪ್ರಮಾಣ ಸುಮಾರು 6.2. ಸುಮಾರು ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಆ ದಿನಗಳ ದುಃಖವನ್ನು ಇಲ್ಲಿ ವಿವರಿಸಲಾರೆ. ಈ ಭಾಗದ ಎಷ್ಟೋ ಮನೆತನಗಳಲ್ಲಿ ಅದು ಇಂದಿಗೂ ಹಸಿಯಾಗಿದೆ.

ಕೆಲವು ವಾರಗಳ ನಂತರ ಶಾಲೆ ಮತ್ತೆ ಆರಂಭವಾಯಿತು. ಸಾಸ್ತೂರಿನ ಕಡೆಯಿಂದ ಬಂದು ಚಿಕ್ಕಪ್ಪನ ಮನೆಯಲ್ಲಿ ಉಳಿದುಕೊಂಡಿದ್ದ ಒಬ್ಬ ಹುಡುಗ ಒಂಬತ್ತನೆಯ ಇಯತ್ತೆಗೆ ಸೇರಿದ್ದ. ಅವನು ಒಂದು ದಿನ ಎದ್ದು ನಿಂತು ಕೇಳಿದ: "ಸರ್, ನೆಲ ಅಳ್ಳಾಡಿದ್ರ ಮನೀನೂ ಅದರ ಕೂಡೇ ಅಳ್ಳಾಡಬೇಕಿತ್ತಲ್ರಿ. ಮ್ಯಾಲಿನ ಮಾಳಗಿ ಬಿದ್ದದ್ದ್ ಯಾಕ್ರಿ?"

ನಾನು ಉತ್ತರಿಸಲಿಲ್ಲ. ಉತ್ತರ ನನಗೆ ತಿಳಿದಿರಲಿಲ್ಲವೆಂದಲ್ಲ, ಅದು ನನ್ನ ಬಾಯಿಗೆ ಬರಲಿಲ್ಲ. ಜಡತ್ವದ ವ್ಯಾಖ್ಯೆಯನ್ನು ಹದಿನೇಳು ವರ್ಷ ಬರೆಸಿದ ನಾನು, ಆ ಹುಡುಗ ಕೇಳುತ್ತಿರುವುದು ಜಡತ್ವದ ಪ್ರಶ್ನೆಯೆಂದು ಗುರುತಿಸಲು ಆ ರಾತ್ರಿಯಿಡೀ ಬೇಕಾಯಿತು.

ಅದೇ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ವಿಜ್ಞಾನದಲ್ಲಿ ಶಾಲೆಗೇ ಮೊದಲಿಗನಾಗಿದ್ದವನು. ಬಿರುಕು ಬಿಟ್ಟ ತನ್ನ ಮನೆಯನ್ನು ಮತ್ತೆ ಕಟ್ಟಿಸುತ್ತಿದ್ದ. "ಗುರುಗಳೇ, ಈ ಸಲ ಗೋಡೆ ಇನ್ನೂ ಒಂದಡಿ ದಪ್ಪ ಮಾಡಿಸ್ತೀನಿ. ಮ್ಯಾಲೂ ಮಣ್ಣು ಜಾಸ್ತಿ ಹಾಕಿದ್ರ ಮನಿ ಗಟ್ಟಿ ಕೂಡ್ತದಲ್ರಿ?" ಎಂದು ಕೇಳಿದ. ಭಾರ ಹೆಚ್ಚಾದಷ್ಟೂ ಮನೆ ಭದ್ರ ಎಂಬ ಅವನ ನಂಬಿಕೆ ಹುಟ್ಟಿನಿಂದ ಬಂದದ್ದು. ನಾನು ಬರೆಸಿದ ವ್ಯಾಖ್ಯೆ ಅವನ ನೋಟುಪುಸ್ತಕದಲ್ಲಿತ್ತು, ಉತ್ತರ ಪತ್ರಿಕೆಯಲ್ಲಿತ್ತು, ಗುಣಪತ್ರಿಕೆಯಲ್ಲಿಯೂ ಇತ್ತು. ಅವನ ಮನೆಯ ಮಾಳಿಗೆಯವರೆಗೆ ಮಾತ್ರ ಅದು ಹೋಗಿರಲಿಲ್ಲ.

ಮಗುವಿನ ಮನಸ್ಸು ಖಾಲಿ ಪಾಟಿಯಲ್ಲ

ಅಲ್ಲಿಂದ ನಾನು ಪಾಠಕ್ಕೆ ಮುಂಚೆ ಮಕ್ಕಳನ್ನು ಕೇಳಲು ಆರಂಭಿಸಿದೆ. ಮೊದಲ ಪ್ರಶ್ನೆ ಸುಲಭವಾದದ್ದು. ಕಲ್ಲನ್ನು ಮೇಲಕ್ಕೆ ಎಸೆದಿದ್ದೇವೆ. ಅದು ಕೈಬಿಟ್ಟು ಮೇಲೇರುತ್ತಿದೆ. ಈಗ ಅದರ ಮೇಲೆ ಯಾವ ಯಾವ ಬಲಗಳಿವೆ? ಪ್ರತಿಯೊಬ್ಬರೂ ತಮ್ಮ ಪಾಟಿಯ ಮೇಲೆ ಬಾಣದ ಗುರುತಿನಿಂದ ತೋರಿಸಬೇಕು. ಹೆಚ್ಚುಕಡಿಮೆ ಎಲ್ಲ ಪಾಟಿಗಳಲ್ಲಿಯೂ ಮೇಲ್ಮುಖದ ಬಾಣವಿತ್ತು. ಏಕೆಂದು ಕೇಳಿದರೆ ಒಬ್ಬ ಹುಡುಗಿ ಸ್ಪಷ್ಟವಾಗಿ ಹೇಳಿದಳು: "ಕೈಯಾಗಿನ ಬಲ ಕಲ್ಲಿನಾಗ ತುಂಬಿರ್ತದ್ರಿ ಸರ್. ಅದು ತೀರಿತಂದ್ರ ಕೆಳಗ ಬೀಳ್ತದ."

ಇದು ದಡ್ಡತನದ ಉತ್ತರವಲ್ಲ. ಸಾವಿರ ವರ್ಷಗಳಿಗೂ ಹಿಂದೆ ನಮ್ಮ ವೈಶೇಷಿಕ ದರ್ಶನದ ಪ್ರಶಸ್ತಪಾದರು ಚಲಿಸುವ ವಸ್ತುವಿನಲ್ಲಿ 'ವೇಗ'ವೆಂಬ ಒಂದು ಸಂಸ್ಕಾರ ನೆಲೆಸಿರುತ್ತದೆ ಎಂದು ವಿವೇಚಿಸಿದ್ದರು. ಅವರು ಹೇಳಿದ ಇನ್ನೊಂದು ಸಂಸ್ಕಾರದ ಹೆಸರು 'ಸ್ಥಿತಿಸ್ಥಾಪಕ'. ಅದು ಇಂದಿಗೂ ನಮ್ಮ ಕನ್ನಡ ಪಠ್ಯಪುಸ್ತಕಗಳಲ್ಲಿ ಸ್ಥಿತಿಸ್ಥಾಪಕತ್ವ ಎಂಬ ರೂಪದಲ್ಲಿ ಉಳಿದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸಿನ ಬ್ಯುರಿಡಾನ್ ಎಂಬ ಪಂಡಿತನೂ ಎಸೆದ ವಸ್ತುವಿನೊಳಗೆ ಒಂದು ಪ್ರೇರಣೆ ತುಂಬಿಕೊಂಡು ಹೋಗುತ್ತದೆ ಎಂದಿದ್ದ. ಗೆಲಿಲಿಯೋ, ನ್ಯೂಟನ್ನರು ಬರುವವರೆಗೂ ವಿದ್ವಾಂಸರನ್ನು ಕಾಡಿದ ಕಲ್ಪನೆ ನಮ್ಮ ಹುಡುಗಿಯ ಪಾಟಿಯ ಮೇಲೆ ಮೂಡಿತ್ತು. ಅದನ್ನು ಒರೆಸಿ ಹಾಕಿ ನನ್ನ ವಾಕ್ಯವನ್ನು ಬರೆಸಿದರೆ ಪಾಟಿಯ ಮೇಲಿನದು ಅಳಿಯುತ್ತದೆ, ತಲೆಯಲ್ಲಿರುವುದು ಅಳಿಯುವುದಿಲ್ಲ. ಅವಳೇ ಅದನ್ನು ಪರೀಕ್ಷಿಸಿ ನೋಡಿ ಬಿಡಬೇಕು.

ಮಾದರಿ ಎಂದರೇನು?

ಇಲ್ಲಿ 'ಮಾದರಿ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಜ್ಞಾನ ಪ್ರದರ್ಶನದಲ್ಲಿ ರಟ್ಟು ಮತ್ತು ಥರ್ಮೋಕೋಲಿನಿಂದ ಮಾಡಿಡುವ ಆಟಿಕೆಗಳು ನನ್ನ ಅಭಿಪ್ರಾಯದ ಮಾದರಿಗಳಲ್ಲ. ಊರಿನ ನಕ್ಷೆಯನ್ನು ನೆನೆಯಿರಿ. ನಕ್ಷೆ ಊರಲ್ಲ, ಅದರಲ್ಲಿ ಧೂಳಿಲ್ಲ, ಜನರಿಲ್ಲ. ಆದರೂ ಅದನ್ನು ಹಿಡಿದು ಹೊಸಬನು ಬಸ್ ನಿಲ್ದಾಣದಿಂದ ಶಾಲೆಗೆ ಬರಬಲ್ಲ. ಹಾಗೆಯೇ ವಸ್ತುಗಳು ಹೇಗೆ ಚಲಿಸುತ್ತವೆ, ಶಾಖ ಹೇಗೆ ಹರಿಯುತ್ತದೆ, ವಿದ್ಯುತ್ತು ಹೇಗೆ ಸಾಗುತ್ತದೆ ಎಂಬುದರ ಒಂದು ನಕ್ಷೆ ಪ್ರತಿಯೊಬ್ಬರ ಮನಸ್ಸಿನಲ್ಲಿಯೂ ಇರುತ್ತದೆ. ಅದೇ ಕಲ್ಪನಾ ಮಾದರಿ. ಮಗು ಶಾಲೆಗೆ ಬರುವ ಮುಂಚೆಯೇ ಅದನ್ನು ಹೊಲದಲ್ಲಿ, ಬೀದಿಯಲ್ಲಿ, ಅಡಿಗೆಮನೆಯಲ್ಲಿ ಕಟ್ಟಿಕೊಂಡಿರುತ್ತದೆ. ಶಿಕ್ಷಕನು ಮೊದಲು ಆ ನಕ್ಷೆಯನ್ನು ನೋಡಬೇಕು. ಅದು ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಮಗುವೇ ಕಂಡುಕೊಳ್ಳುವಂಥ ಪ್ರಯೋಗವನ್ನು ಮುಂದಿಡಬೇಕು. ಅನಂತರ ಇಬ್ಬರೂ ಕೂಡಿ ನಕ್ಷೆಯನ್ನು ತಿದ್ದಬೇಕು.

ತರಗತಿಯಲ್ಲಿ ನಡೆದ ಬಗೆ

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಹಳೆಯ ಪ್ಲೈವುಡ್ ತುಂಡುಗಳಿಗೆ ಕಪ್ಪು ಬಣ್ಣ ಹಚ್ಚಿಸಿ, ಗುಂಪಿಗೊಂದರಂತೆ ಹಲಗೆಗಳನ್ನು ಕೊಟ್ಟೆ. ಕ್ರಮವು ಹೀಗಿತ್ತು. ಮೊದಲು ಊಹೆಯನ್ನು ಹಲಗೆಯ ಮೇಲೆ ಬರೆಯುವುದು. ಆಮೇಲೆ ಪ್ರಯೋಗ. ಆಮೇಲೆ ಪ್ರತಿ ಗುಂಪು ಹಲಗೆಯನ್ನು ಎತ್ತಿ ಹಿಡಿದು ತನ್ನ ವಿವರಣೆಯನ್ನು ಹೇಳುವುದು, ಉಳಿದವರು ಪ್ರಶ್ನೆ ಕೇಳುವುದು. ಒಂದೇ ಸಂಗತಿಯನ್ನು ಮಾತಿನಲ್ಲಿ, ಚಿತ್ರದಲ್ಲಿ, ನಕಾಶೆಕಾಗದದ ರೇಖೆಯಲ್ಲಿ ತೋರಿಸಿದ ಮೇಲೆ ಕೊನೆಗೆ ಸೂತ್ರ. ನನ್ನ ಹಳೆಯ ಪಾಠದಲ್ಲಿ ಮೊದಲು ಬರುತ್ತಿದ್ದದ್ದು ಈಗ ಕೊನೆಗೆ ಹೋಯಿತು.

ಚಲನೆಯ ಪಾಠಕ್ಕೆ ಎತ್ತಿನ ಗಾಡಿಯಿಂದ ಆರಂಭಿಸಿದೆವು. ಎತ್ತು ನಿಂತರೆ ಗಾಡಿ ನಿಲ್ಲುತ್ತದೆ. ಆದ್ದರಿಂದ ಚಲನೆಗೆ ಸದಾ ಬಲ ಬೇಕು ಎಂಬುದು ಮಕ್ಕಳ ಮಾದರಿ. ಇಳಿಜಾರಿನ ಒಂದು ಹಲಗೆಯ ಮೇಲಿಂದ ಗೋಲಿಯನ್ನು ಒಂದೇ ಎತ್ತರದಿಂದ ಬಿಟ್ಟು, ಅದು ಗೋಣಿತಟ್ಟಿನ ಮೇಲೆ ಎಷ್ಟು ದೂರ, ಸಾರಿಸಿದ ನೆಲದ ಮೇಲೆ ಎಷ್ಟು ದೂರ, ಶಹಾಬಾದ ಕಲ್ಲಿನ ಮೇಲೆ ಎಷ್ಟು ದೂರ ಹೋಗುತ್ತದೆಂದು ಅಳೆದರು. ಪ್ರತಿ ಬಾರಿಯೂ ದೂರ ಹೆಚ್ಚಿತು. "ಇದಕ್ಕಿಂತಲೂ ನುಣುಪಾದ ನೆಲವಿದ್ದರೆ?" ಎಂದು ಕೇಳಿದೆ. "ಇನ್ನೂ ದೂರ." "ತಡೆಯೇ ಇಲ್ಲದಿದ್ದರೆ?" ತರಗತಿ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಹಂಗಾದ್ರ ನಿಲ್ಲೂದೇ ಇಲ್ರಿ." ಗೆಲಿಲಿಯೋ ಹದಿನೇಳನೆಯ ಶತಮಾನದಲ್ಲಿ ಇಳಿಜಾರುಗಳ ಮೇಲೆ ಗುಂಡು ಉರುಳಿಸಿ ಇದೇ ತರ್ಕವನ್ನು ಮಾಡಿದ್ದ. ಗಾಡಿಯ ಅಚ್ಚಿಗೆ ಎಣ್ಣೆ ಹಾಕುವುದೇಕೆಂದು ಅವರಿಗೆ ಆ ದಿನ ಬೇರೆ ಬೆಳಕಿನಲ್ಲಿ ಕಂಡಿತು. ಎತ್ತಿನ ಎಳೆತ ಬೇಕಾದದ್ದು ನೆಲ ಮತ್ತು ಅಚ್ಚುಗಳ ತಡೆಯನ್ನು ಸರಿದೂಗಿಸಲು; ಚಲನೆಯನ್ನು ಮುಂದುವರಿಸಲು ಅಲ್ಲ.

ಎಸೆದ ಕಲ್ಲಿನ ಪ್ರಶ್ನೆಗೆ ಮತ್ತೆ ಬಂದಾಗ ನಾನು ಒಂದು ನಿಯಮವನ್ನು ಮಾತ್ರ ಹಾಕಿದೆ. ಬಾಣ ಬರೆದವರು 'ಯಾರು, ಯಾರ ಮೇಲೆ' ಎಂದು ಹೇಳಬೇಕು. ಕೆಳಮುಖದ ಬಾಣ ಭೂಮಿಯು ಕಲ್ಲಿನ ಮೇಲೆ ಹಾಕಿದ್ದು. ಗಾಳಿಯ ತಡೆ ಗಾಳಿಯು ಕಲ್ಲಿನ ಮೇಲೆ ಹಾಕಿದ್ದು. ಮೇಲ್ಮುಖದ ಬಾಣಕ್ಕೆ ಯಾರು? ಕೈ ಆಗಲೇ ಬಿಟ್ಟುಹೋಗಿದೆ. ಆ ಹುಡುಗಿ ಬಹಳ ಹೊತ್ತು ಹಲಗೆಯನ್ನು ನೋಡಿ, ತಾನೇ ಬಾಣವನ್ನು ಒರೆಸಿದಳು. ಆದರೆ ಕಲ್ಲಿನಲ್ಲಿ ಏನೋ ಇದೆಯೆಂಬ ಅವಳ ಅನುಭವ ಸುಳ್ಳಲ್ಲ. "ಅದಕ್ಕೇನು ಹೆಸರಿಡೋಣ?" ಎಂದು ಕೇಳಿದೆ. "ಜೋರು" ಎಂದಳು. ಭಾರವಾದ ಕಲ್ಲಿಗೂ ವೇಗವಾದ ಕಲ್ಲಿಗೂ ಜೋರು ಹೆಚ್ಚು ಎಂದು ಗುಂಪುಗಳು ತೀರ್ಮಾನಿಸಿದವು. ಪುಸ್ತಕದಲ್ಲಿ ಅದಕ್ಕೆ ಸಂವೇಗ ಎಂಬ ಹೆಸರಿದೆ, ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವೇ ಅದು, ಎಂದು ನಾನು ಹೇಳಿದಾಗ ಪದ ಮಾತ್ರ ಹೊಸದಾಗಿತ್ತು.

ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯೂ ನಮ್ಮ ಪ್ರಯೋಗಶಾಲೆಯ ಉಪಕರಣವಾಯಿತು. ಗಿರ್ರನೆ ತಿರುಗಿಸಿ ಬಿಟ್ಟ ಕಲ್ಲು ಯಾವ ಹಾದಿಯಲ್ಲಿ ಹೋಗುತ್ತದೆ? ಹಲವರು ಬಾಗಿದ ಗೆರೆಯನ್ನು ಬರೆದರು. ಒಡೆದ ಬಳೆಯೊಂದನ್ನು ತಾಟಿನಲ್ಲಿಟ್ಟು, ಅದರ ಒಳಅಂಚಿನಲ್ಲಿ ಸೈಕಲ್ಲಿನ ಸಣ್ಣ ಉಕ್ಕಿನ ಗುಂಡನ್ನು ಉರುಳಿಸಿದೆವು. ಬಳೆ ಮುಗಿದ ಜಾಗದಿಂದ ಗುಂಡು ನೇರಗೆರೆಯಲ್ಲಿ ಹೊರಟಿತು. ಬಳೆಯ ಒತ್ತು ಇರುವವರೆಗೆ ಬಾಗು. ಒತ್ತು ತಪ್ಪಿದೊಡನೆ ನೇರ. ಕವಣೆಯ ಹಗ್ಗ ಮಾಡುತ್ತಿದ್ದುದೂ ಇದನ್ನೇ.

ನ್ಯೂಟನ್ನನ ಮೂರನೆಯ ನಿಯಮಕ್ಕೆ ಉದಗೀರದ ಕಡೆಯ ದೇವಣಿ ಎತ್ತುಗಳು ನೆರವಿಗೆ ಬಂದವು. ಎತ್ತು ಗಾಡಿಯನ್ನು ಎಳೆಯುವಷ್ಟೇ ಬಲದಿಂದ ಗಾಡಿ ಎತ್ತನ್ನು ಹಿಂದಕ್ಕೆ ಎಳೆಯುತ್ತದೆ ಎಂದರೆ ಯಾವ ರೈತನ ಮಗನೂ ಒಪ್ಪಲಾರ. ಎರಡು ಬೇರೆ ಬೇರೆ ಚಿತ್ರ ಬರೆಯಲು ಹೇಳಿದೆ: ಒಂದರಲ್ಲಿ ಗಾಡಿ ಮಾತ್ರ, ಇನ್ನೊಂದರಲ್ಲಿ ಎತ್ತು ಮಾತ್ರ. ಗಾಡಿಯ ಮೇಲೆ ಎತ್ತಿನ ಎಳೆತ ಮುಂದಕ್ಕೆ, ನೆಲದ ತಡೆ ಹಿಂದಕ್ಕೆ. ಎಳೆತ ತಡೆಗಿಂತ ಹೆಚ್ಚಾದರೆ ಗಾಡಿ ಹೊರಡುತ್ತದೆ. ಎತ್ತಿನ ಮೇಲೆ ಗಾಡಿಯ ಎಳೆತ ಹಿಂದಕ್ಕೆ. ಹಾಗಾದರೆ ಎತ್ತನ್ನು ಮುಂದಕ್ಕೆ ತಳ್ಳುವವರು ಯಾರು? ದೇವಣಿಯ ಕಡೆಯ ಹುಡುಗನೊಬ್ಬ ಉತ್ತರ ಹೇಳಿದ: "ನೆಲಾನ್ರಿ. ಎರಿ ಹೊಲದಾಗ ರಾಡಿ ಆದಾಗ ಎತ್ತಿನ ಕಾಲು ಜಾರ್ತಾವ, ಗಾಡಿ ಏಳಂಗಿಲ್ಲ." ನಾನು ಯಾವ ಪುಸ್ತಕದಲ್ಲಿಯೂ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಓದಿಲ್ಲ.

ಮಾಳಿಗೆಯ ಲೆಕ್ಕ

ಹೀಗೆ ತಯಾರಾದ ಮೇಲೆಯೇ ಸಾಸ್ತೂರಿನ ಕಡೆಯ ಆ ಹುಡುಗನ ಪ್ರಶ್ನೆಯನ್ನು ಎತ್ತಿಕೊಂಡೆವು. ನಮ್ಮ ಹಳೆಯ ಮನೆಗಳ ಗೋಡೆಗೆ ಒಳಮುಖ, ಹೊರಮುಖ ಎಂದು ಕಲ್ಲಿನ ಎರಡು ಪದರಗಳು. ನಡುವೆ ಮಣ್ಣು ಮತ್ತು ಚೂರುಕಲ್ಲು. ಮೇಲೆ ತೊಲೆ, ಜಂತಿ, ಹಲಗೆ. ಅದರ ಮೇಲೆ ಮಣ್ಣು. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತ ಹೋದಂತೆ ಮಾಳಿಗೆಯ ದಪ್ಪ ಬೆಳೆಯುತ್ತಿತ್ತು. ಒಂದು ತಾಟಿನಲ್ಲಿ ಸಣ್ಣ ಕಲ್ಲುಗಳ ಗೋಡೆ ಕಟ್ಟಿ, ಮೇಲೆ ಹಸಿಮಣ್ಣಿನ ಮಾಳಿಗೆ ಇಟ್ಟು, ತಾಟನ್ನು ತಟ್ಟನೆ ಪಕ್ಕಕ್ಕೆ ಎಳೆದರು. ಗೋಡೆಯ ಬುಡ ತಾಟಿನೊಡನೆ ಹೋಯಿತು; ಮಾಳಿಗೆ ಇದ್ದಲ್ಲಿಯೇ ಉಳಿಯಲು ನೋಡಿತು; ನಡುವಿನ ಗೋಡೆ ಸೀಳಿತು. ಸೋಲಾಪುರ ಹೈದರಾಬಾದ ರಸ್ತೆಯಲ್ಲಿ ಬಸ್ಸು ಒಮ್ಮೆಲೇ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದೂ ಇದೇ ಎಂದು ಮಕ್ಕಳೇ ಗುರುತಿಸಿದರು.

ಈಗ ಸೂತ್ರಕ್ಕೆ ಕೆಲಸ ಬಂತು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಖೋಲಿ. ಮೇಲೆ ಒಂದು ಅಡಿ ಮಣ್ಣು. ಒಟ್ಟು 120 ಘನ ಅಡಿ. ಒಂದು ಘನ ಅಡಿ ಮಣ್ಣಿಗೆ ಸುಮಾರು 45 ಕಿಲೋ ಹಿಡಿದರೆ 5,400 ಕಿಲೋ. ನೆಲವು ಸೆಕೆಂಡಿಗೆ ಸೆಕೆಂಡಿಗೆ 2 ಮೀಟರ್ ವೇಗೋತ್ಕರ್ಷದಿಂದ ಪಕ್ಕಕ್ಕೆ ಸರಿಯಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮಾಳಿಗೆಯನ್ನು ತನ್ನೊಡನೆ ಒಯ್ಯಲು ಗೋಡೆ ಹಾಕಬೇಕಾದ ಬಲ 5,400 × 2 = 10,800 ನ್ಯೂಟನ್. ಒಂದು ಟನ್ನಿಗೂ ಮೀರಿದ ಭಾರವನ್ನು ಮಣ್ಣಿನ ಗೋಡೆಯ ಮೇಲೆ ಅಡ್ಡಡ್ಡ ಹೇರಿದಂತೆ. ಅದೇ ಖೋಲಿಗೆ ತಗಡು ಹಾಕಿದ್ದರೆ ತಗಡಿನ ತೂಕ ಸುಮಾರು 60 ಕಿಲೋ. ಬೇಕಾಗುವ ಬಲ 120 ನ್ಯೂಟನ್. ತರಗತಿಯ ಹಲಗೆಗಳ ಮೇಲೆ ಈ ಎರಡು ಅಂಕಿಗಳು ಪಕ್ಕಪಕ್ಕದಲ್ಲಿ ಮೂಡಿದಾಗ ಯಾರೂ ಮಾತಾಡಲಿಲ್ಲ. ಆ ಹುಡುಗ ತನ್ನ ಪಾಟಿಯ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿದ.

ಪುನರ್ವಸತಿಯ ಕಾಲದಲ್ಲಿ ಎಂಜಿನಿಯರುಗಳು ಸಲಹೆ ಮಾಡಿದ ಕ್ರಮಗಳು ಮಕ್ಕಳಿಗೆ ಆಗ ತಾವಾಗಿಯೇ ಅರ್ಥವಾದವು. ಮಾಳಿಗೆಯ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡುವುದು. ಗೋಡೆಯ ಎರಡು ಪದರಗಳನ್ನು ಹಿಡಿದಿಡಲು ಈಚೆಯಿಂದ ಆಚೆಗೆ ಹೋಗುವ ಉದ್ದ ಕಲ್ಲುಗಳನ್ನು ಇಡುವುದು. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಕಟ್ಟುವುದು. ನಾನು ನನ್ನ ಹಳೆಯ ವಿದ್ಯಾರ್ಥಿಯ ಮನೆಗೆ ಹೋಗಿ, ಅಂಗಳದಲ್ಲಿ ಕುಳಿತು, ಅವನಿಗೂ ಇದೇ ಲೆಕ್ಕವನ್ನು ಮಾಡಿಸಿದೆ. ಅವನು ಮಾಳಿಗೆಯ ಮೇಲೆ ಮಣ್ಣು ಹಾಕಿಸಲಿಲ್ಲ.

ಇತರೆಡೆ ನಡೆದ ಪ್ರಯತ್ನಗಳು

ನಾನೇ ಏನೋ ಹೊಸದನ್ನು ಕಂಡುಹಿಡಿದೆನೆಂಬ ಭ್ರಮೆ ನನಗೆ ಇಲ್ಲ. ನಿವೃತ್ತನಾದ ಮೇಲೆ, ಮೊಮ್ಮಗಳು ಬಿ.ಎಡ್. ಓದುವಾಗ ತಂದ ಪುಸ್ತಕಗಳಿಂದ, ಬೇರೆಡೆ ಇದೇ ದಾರಿಯಲ್ಲಿ ಬಹಳ ಮುಂದೆ ಹೋದವರ ವಿಷಯ ತಿಳಿಯಿತು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಹೆಸ್ಟೆನಿಸ್ ಮತ್ತು ಇಬ್ರಾಹಿಂ ಹಲ್ಲೂನ್ ಅವರು 1985ರಲ್ಲಿ, ಕಾಲೇಜಿಗೆ ಬರುವ ವಿದ್ಯಾರ್ಥಿಗಳ ತಲೆಯಲ್ಲಿ ಚಲನೆಯ ಬಗ್ಗೆ ಇರುವ ಸ್ವಂತ ಕಲ್ಪನೆಗಳು ಉಪನ್ಯಾಸದಿಂದ ಅಷ್ಟಾಗಿ ಬದಲಾಗುವುದಿಲ್ಲವೆಂದು ತೋರಿಸಿದರು. ಮಾಲ್ಕಂ ವೆಲ್ಸ್ ಎಂಬ ಹೈಸ್ಕೂಲು ಶಿಕ್ಷಕರು ಹೆಸ್ಟೆನಿಸ್ ಅವರೊಡನೆ ಮಾದರಿಗಳ ಮೂಲಕ ಕಲಿಸುವ ಪದ್ಧತಿಯನ್ನು ರೂಪಿಸಿದರು. ಅವರ ಮಕ್ಕಳ ಕೈಯಲ್ಲಿದ್ದುದು ಬಿಳಿ ಹಲಗೆ, ನಮ್ಮ ಮಕ್ಕಳ ಕೈಯಲ್ಲಿದ್ದುದು ಕರಿ ಹಲಗೆ. 1992ರಲ್ಲಿ ಅವರು ಪ್ರಕಟಿಸಿದ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಪ್ರಶ್ನಾವಳಿಯಲ್ಲಿ ಲೆಕ್ಕಗಳೇ ಇಲ್ಲ. ಎಸೆದ ಕಲ್ಲು, ತಿರುಗಿಸಿ ಬಿಟ್ಟ ಚೆಂಡು, ಡಿಕ್ಕಿ ಹೊಡೆದ ವಾಹನಗಳಂಥ ಸಾದಾ ಪ್ರಶ್ನೆಗಳಿವೆ. ಪ್ರಸಿದ್ಧ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎರಿಕ್ ಮಜೂರ್ ಈ ಪ್ರಶ್ನೆಗಳನ್ನು ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದಂತೆ ಉತ್ತರಿಸಬೇಕೋ ನಾನು ಯೋಚಿಸುವಂತೆ ಉತ್ತರಿಸಬೇಕೋ ಎಂದು ಕೇಳಿದಳಂತೆ. ಇದನ್ನು ಓದಿದಾಗ ನನಗೆ ನನ್ನ ಹದಿನೇಳು ವರ್ಷಗಳು ನೆನಪಾದವು.

1998ರಲ್ಲಿ ರಿಚರ್ಡ್ ಹೇಕ್ ಎಂಬವರು 62 ತರಗತಿಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಕೂಡಿಸಿ ನೋಡಿದರು. ಪಾಠದ ಆರಂಭದಲ್ಲಿ ಕಲಿಯಲು ಬಾಕಿ ಇದ್ದುದರಲ್ಲಿ, ಕೇವಲ ಉಪನ್ಯಾಸ ಕೇಳಿದ ತರಗತಿಗಳು ಸರಾಸರಿ ಶೇಕಡಾ 23ರಷ್ಟನ್ನು ಗಳಿಸಿದ್ದವು. ಚರ್ಚೆ ಮತ್ತು ಪ್ರಯೋಗಗಳಲ್ಲಿ ಮಕ್ಕಳನ್ನು ತೊಡಗಿಸಿದ ತರಗತಿಗಳು ಶೇಕಡಾ 48ರಷ್ಟನ್ನು ಗಳಿಸಿದ್ದವು.

ನಮ್ಮ ದೇಶದಲ್ಲಿಯೂ ಇಂಥ ಕೆಲಸ ನಡೆದಿದೆ. ಮಧ್ಯಪ್ರದೇಶದ ಹೋಶಂಗಾಬಾದ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಅಗ್ಗದ ಸಾಮಗ್ರಿಗಳಿಂದ ಪ್ರಯೋಗ ಮಾಡಿ ತಾವೇ ತೀರ್ಮಾನಕ್ಕೆ ಬರುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಡಲು ಅನುಮತಿ ಇತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನಮ್ಮ ರಾಜ್ಯದಲ್ಲಿಯೇ, ಮುಂಬಯಿಯಲ್ಲಿ 1974ರಲ್ಲಿ ಸ್ಥಾಪಿತವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ವಿ. ಜಿ. ಕುಲಕರ್ಣಿಯವರೂ ಸಂಗಡಿಗರೂ, ಪಾಠದ ಭಾಷೆ ಮಕ್ಕಳ ನುಡಿಗೆ ಹತ್ತಿರವಾದರೆ ವಿಜ್ಞಾನದ ಕಲಿಕೆ ಸುಧಾರಿಸುತ್ತದೆಯೆಂಬುದನ್ನು ಎತ್ತಿ ತೋರಿಸಿದರು. ಕಿಲ್ಲಾರಿಯ ಭೂಕಂಪಕ್ಕೆ ಎರಡೂವರೆ ತಿಂಗಳು ಮುಂಚೆ, 1993ರ ಜುಲೈಯಲ್ಲಿ, ಭೌತವಿಜ್ಞಾನಿ ಯಶಪಾಲರ ಸಮಿತಿಯು ಮಕ್ಕಳ ನಿಜವಾದ ಹೊರೆ ಅರ್ಥವಾಗದ ಪಾಠವೇ ಎಂಬ ವರದಿಯನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿತ್ತು.

ತೊಡಕುಗಳು

ಈ ದಾರಿ ಸುಗಮವೆಂದು ಹೇಳಿದರೆ ತಪ್ಪಾಗುತ್ತದೆ. ಮೊದಲ ವರ್ಷ ಪಠ್ಯಕ್ರಮ ಮುಗಿಯಲಿಲ್ಲ; ಕೊನೆಯ ಪಾಠಗಳನ್ನು ಓಡಿಸಬೇಕಾಯಿತು; ಫಲಿತಾಂಶ ಕುಸಿಯಿತು. "ಮಾಸ್ತರರು ಈಗ ಪಾಠ ಮಾಡುವುದಿಲ್ಲ, ಹುಡುಗರನ್ನೇ ಕೇಳುತ್ತಾರೆ" ಎಂದು ಪಾಲಕರು ದೂರಿದರು. ಅವರ ಆತಂಕ ನ್ಯಾಯವಾದದ್ದೇ ಆಗಿತ್ತು. ಮುಂದಿನ ವರ್ಷದಿಂದ ಚಲನೆ, ಬಲ, ಶಾಖ, ವಿದ್ಯುತ್ತು, ಬೆಳಕು ಎಂಬ ಐದು ಪಾಠಗಳಿಗೆ ಮಾತ್ರ ಈ ಕ್ರಮವನ್ನು ಇಟ್ಟುಕೊಂಡು, ಉಳಿದವನ್ನು ಹಳೆಯ ರೀತಿಯಲ್ಲಿಯೇ ಮುಗಿಸಿದೆ. ಎರಡು ಮೂರು ವರ್ಷಗಳಲ್ಲಿ ಫಲಿತಾಂಶ ಮೊದಲಿನ ಮಟ್ಟಕ್ಕೆ ಬಂತು.

ಮಾದರಿಗಳಿಗೂ ಮಿತಿಗಳಿವೆ. ಬಲ್ಬಿನಲ್ಲಿ ವಿದ್ಯುತ್ ಪ್ರವಾಹ ಖರ್ಚಾಗುತ್ತದೆ ಎಂದು ಮಕ್ಕಳು ನಂಬಿರುತ್ತಾರೆ. ಒಂದೇ ಬಗೆಯ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿದಾಗ ಎರಡೂ ಒಂದೇ ಸಮ ಬೆಳಗಿದ್ದನ್ನು ಕಂಡು, ಪ್ರವಾಹವು ಕಾಲುವೆಯ ನೀರಿನಂತೆ ಉದ್ದಕ್ಕೂ ಅಷ್ಟೇ ಇರುತ್ತದೆ ಎಂಬ ಮಾದರಿಗೆ ಬಂದರು. ಆಗ ಒಬ್ಬಳು ಕೇಳಿದಳು: "ಕಾಲಿವಿ ಒಡೆದ್ರ ನೀರು ಹೊರಗ ಹರೀತದ. ವಾಯರ್ ಹರಿದ್ರ ಕರೆಂಟ್ ಯಾಕ ಸೋರಂಗಿಲ್ರಿ?" ಕಾಲುವೆಯ ಮಾದರಿ ಅಲ್ಲಿಗೆ ನಿಂತಿತು. ಮಾದರಿಯ ಗಡಿ ಎಲ್ಲಿದೆಯೆಂದು ಕೇಳುವ ಮಗು ವಿಜ್ಞಾನದ ಹೊಸ್ತಿಲನ್ನು ದಾಟಿದೆ ಎಂದು ನನ್ನ ಭಾವನೆ.

ಭಾಷೆಯ ಮಾತು

ಕೊನೆಯದಾಗಿ ಪಾಲಕರಲ್ಲಿ ಒಂದು ವಿನಂತಿ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಂತೆಯಲ್ಲಿ ಹಿಂದಿ ಆಡಿ ಬೆಳೆಯುತ್ತಾರೆ. ಅದು ಅವರ ಸಂಪತ್ತು. ಮುಂದೆ ಅವರು ಮರಾಠಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಓದಲೇಬೇಕಾಗುತ್ತದೆ, ಓದಲಿ. ಬಲ, ಜಡತ್ವ, ಸಂವೇಗ ಎಂಬ ಪದಗಳು ಮರಾಠಿ ಪುಸ್ತಕದಲ್ಲಿಯೂ ಇವೇ ಆಗಿರುವುದರಿಂದ ಕನ್ನಡದಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಆದರೆ ಮಗು ತನ್ನ ಮನಸ್ಸಿನ ನಕ್ಷೆಯನ್ನು ಮೊದಲ ಬಾರಿಗೆ ಹೊರಗೆ ತೆಗೆದು ತೋರಿಸುವಾಗ, ಪದಗಳಿಗಾಗಿ ತಡಕಾಡುವಂತಿರಬಾರದು. 'ಜೋರು' ಎಂದ ಹುಡುಗಿಗೂ, 'ನೆಲಾನ್ರಿ' ಎಂದ ಹುಡುಗನಿಗೂ, ಮಾಳಿಗೆ ಏಕೆ ಬಿತ್ತೆಂದು ಕೇಳಿದವನಿಗೂ ಆ ಮಾತು ಮನೆಯ ಭಾಷೆಯಲ್ಲಿಯೇ ಬಂದಿತ್ತು. ಬೇರೆ ಭಾಷೆಯ ತರಗತಿಯಲ್ಲಿ ಅವರು ಸುಮ್ಮನೆ ಕುಳಿತಿರುತ್ತಿದ್ದರು. ನಾನು ಕಾಲೇಜಿನಲ್ಲಿ ಕುಳಿತಿದ್ದೆನಲ್ಲ, ಹಾಗೆ. ಇಂದು ನಮ್ಮ ಮನೆಗಳಲ್ಲಿಯೇ ಮಕ್ಕಳನ್ನು ಬಾಲವರ್ಗದಿಂದಲೇ ಇಂಗ್ಲಿಷ್ ಶಾಲೆಗೆ ಕಳಿಸುವವರು ಹೆಚ್ಚುತ್ತಿರುವುದನ್ನು ಕಾಣುತ್ತಿದ್ದೇನೆ. ಅವರನ್ನು ದೂಷಿಸಲಾರೆ. ಸಂಜೆ ಮಗು ಮನೆಗೆ ಬಂದಾಗ, ಪಾಠದ ಗಟ್ಟಿ ಉಚ್ಚಾರ ಕೇಳಿ ಸಂತೋಷಪಡುವ ಮುಂಚೆ, "ಇದು ಹ್ಯಾಂಗ ಆಗ್ತದಂತ ನಿನಗ ಅನ್ನಿಸ್ತದ?" ಎಂದು ಒಮ್ಮೆ ಕನ್ನಡದಲ್ಲಿ ಕೇಳಿ ನೋಡಬೇಕೆಂದು ಮಾತ್ರ ಪ್ರಾರ್ಥಿಸುತ್ತೇನೆ.

ಶಾಲೆಯ ಪ್ರಯೋಗಶಾಲೆಯ ಕಪಾಟಿನಲ್ಲಿ ಆ ಕರಿ ಹಲಗೆಗಳಲ್ಲಿ ಮೂರು ಇನ್ನೂ ಉಳಿದಿವೆಯೆಂದು ಈಗಿನ ವಿಜ್ಞಾನ ಶಿಕ್ಷಕಿಯವರು ತಿಳಿಸಿದರು. ಅವುಗಳ ಬಣ್ಣ ಹೋಗಿದೆಯಂತೆ. ಮಹೋತ್ಸವದ ದಿನ ಬರುವಾಗ ಒಂದು ಡಬ್ಬಿ ಕಪ್ಪು ಬಣ್ಣವನ್ನು ತರುವೆನೆಂದು ಅವರಿಗೆ ಹೇಳಿದ್ದೇನೆ. ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ, ಅದರ ತರಗತಿಗಳಲ್ಲಿ ಮಕ್ಕಳ ಪ್ರಶ್ನೆಗಳು ಎಂದಿಗೂ ನಿಲ್ಲದಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.